ನೀನು ಹೇಳಿದ ಸಂಘಕ್ಕೇ ಬತ್ತೀನಿ

ಹೋದ ತಿಂಗಳು ನಮ್ಮ ಮೇಲಿನ ಮನೆಯ ಹುಡುಗಿಯ ಮದುವೆಯಿತ್ತು. ಹಿಂದಿನ ದಿನ ಮಧ್ಯಾಹ್ನ ಗೋರಂಟಿ ಹಚ್ಚಿಸಿಕೊಳ್ಳಲು ನನ್ನನ್ನೂ ಕರೆದರು. ಈಗೆಲ್ಲ ಅಂಗಡಿಯ ಕೋನ್ ತಾನೆ, ಆದರೆ ಹುಡುಗಿಯ ಸೋದರತ್ತೆ ಊರಿನಿಂದ ಸೊಪ್ಪನ್ನೇ ಕಟ್ಟಿಕೊಂಡು ಬಂದು ಒರಳಿನಲ್ಲಿ ರುಬ್ಬಿದ್ದರು. ಬಟ್ಟಲನ್ನು ನನ್ನ ಮುಂದೆ ಇಟ್ಟಾಗ ಆ ಹಸಿ ವಾಸನೆ ಮೂಗಿಗೆ ಬಡಿಯಿತು. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಮೆಟ್ಟಿಲಿಳಿದು ಬಂದುಬಿಟ್ಟೆ.

ಆ ವಾಸನೆ ನನ್ನನ್ನು ಕರೆದುಕೊಂಡು ಹೋಗುವುದು ಆಪಾಳ ಬಳಿಗೆ. ಅವಳು ಗೋರಂಟಿಯನ್ನು ಚಿತ್ತಾರಕ್ಕೆ ಹಚ್ಚುತ್ತಿರಲಿಲ್ಲ. ಅಂಗೈ, ಮುಂಗೈ, ಬೆರಳ ಸಂದಿ, ಉಗುರಿನ ಬುಡ ಎಲ್ಲದಕ್ಕೂ ಗೋಡೆಗೆ ಮಣ್ಣು ಮೆತ್ತುವ ಹಾಗೆ ಮೆತ್ತಿಕೊಳ್ಳುತ್ತಿದ್ದಳು. ರೇಷ್ಮೆಗೂಡು ಬೇಯುವ ನೀರಿನಲ್ಲಿ ದಿನವಿಡೀ ಅದ್ದಿದ ಕೈ ಬೆಂದು ಬೆಳ್ಳಗಾಗಿ ಸುಲಿಯುತ್ತದೆ. ಗೋರಂಟಿ ಹಚ್ಚಿದರೆ ಉರಿ ಒಸಿ ಕಡಿಮೆ. ಅದನ್ನು ನನಗೆ ಹೇಳಿಕೊಟ್ಟವಳೂ ಅವಳೇ.

ರಾಮನಗರದ ರೈಲ್ವೆ ಸ್ಟೇಷನ್ನಿನ ಹಿಂದೆ ಆಗ ಒಂದು ನೂಲು ತೆಗೆಯುವ ಕಾರ್ಖಾನೆಯಿತ್ತು. ಈಗ ಅದಿಲ್ಲ. ಉದ್ದನೆಯ ಶೀಟಿನ ಕಟ್ಟಡ, ಒಳಗೆ ಎರಡು ಸಾಲು ತೊಟ್ಟಿ, ತೊಟ್ಟಿಗೊಬ್ಬಳಂತೆ ಇಪ್ಪತ್ತೊಂದು ಜನ ಹೆಂಗಸರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ನಮ್ಮದು ದೊಡ್ಡಮಳೂರಿನ ಹತ್ತಿರದ ಹಳ್ಳಿ, ಹೊಲಗದ್ದೆ ಇದ್ದ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣನದೇ ಯಜಮಾನಿಕೆ. ಕಾರ್ಖಾನೆಯ ಮೇಸ್ತ್ರಿ ಅತ್ತಿಗೆಯ ಸೋದರಮಾವ. ಹಾಗಾಗಿ ಕೆಲಸ ಸಿಕ್ಕಿತು. ಚನ್ನಪಟ್ಟಣಕ್ಕೆ ನಡೆದು, ಅಲ್ಲಿಂದ ಪ್ಯಾಸೆಂಜರ್ ರೈಲು ಹಿಡಿದು ಹೋಗಿಬರುತ್ತಿದ್ದೆ. ಹಳ್ಳಿಗಳಿಂದ ಹಾಗೆ ಬರುತ್ತಿದ್ದವರು ಹನ್ನೆರಡು ಜನ. ಉಳಿದ ಒಂಬತ್ತು ಜನ ರಾಮನಗರದ ಒಂದೇ ಬೀದಿಯ ಮುಸ್ಲಿಮರ ಮನೆಯವರು. ಅವರಿಗೆಲ್ಲ ಹಿರಿಯಳು ಆಪಾ. ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ, ನಾವೂ ಹಾಗೇ ಕರೆಯುತ್ತಿದ್ದೆವು. ನಲವತ್ತು ದಾಟಿರಬಹುದು. ಗಂಡ ಇರಲಿಲ್ಲ, ಮಗನಿಗೆ ಕನಕಪುರದಲ್ಲಿ ಮದುವೆಯಾಗಿತ್ತು. ನನ್ನ ತೊಟ್ಟಿ ಅವಳ ತೊಟ್ಟಿಯ ಪಕ್ಕದಲ್ಲಿತ್ತು.

ಮೊದಲ ದಿನವೇ ನನಗೆ ಉಸಿರು ಕಟ್ಟಿತು. ಗಾಳಿ ಬಂದರೆ ಎಳೆ ಕಡಿಯುತ್ತದೆಂದು ಕಿಟಕಿಗಳಿಗೆಲ್ಲ ಹಲಗೆ ಇಟ್ಟು ಮೊಳೆ ಹೊಡೆದಿದ್ದರು. ಬೆಳಗ್ಗೆ ಎಂಟಕ್ಕೆ ನಾವೆಲ್ಲ ಒಳಗೆ ಹೋದಮೇಲೆ ಹೊರಗಿನಿಂದ ಬಾಗಿಲಿಗೆ ಬೀಗ ಬೀಳುತ್ತಿತ್ತು. ಕೇಳಿದರೆ, ರೇಷ್ಮೆ ಕಳುವಾಗುತ್ತದೆ ಎನ್ನುತ್ತಿದ್ದರು. ಹನ್ನೆರಡೂವರೆಗೆ ಊಟಕ್ಕೆ ಒಮ್ಮೆ ತೆಗೆದರೆ ಮತ್ತೆ ಸಂಜೆಯೇ. ನಡುವೆ ಹೊರಗೆ ಹೋಗಬೇಕಾದರೆ ಬಾಗಿಲು ಬಡಿಯಬೇಕು, ವಾಚ್‌ಮನ್‌ಗೆ ಕೇಳಿಸಬೇಕು, ಅವನಿಗೆ ಮನಸ್ಸು ಬರಬೇಕು... ಹಬೆಯಲ್ಲಿ ಎದುರು ಸಾಲಿನವರ ಮುಖ ಕೂಡ ಕಾಣುತ್ತಿರಲಿಲ್ಲ. ನಾನು ಅಳುತ್ತಿದ್ದದ್ದನ್ನು ಆಪಾ ನೋಡಿದಳೋ ಇಲ್ಲವೋ, ನನ್ನ ತೊಟ್ಟಿಯಲ್ಲಿ ಕಡಿದುಹೋದ ಎಳೆಗಳನ್ನೆಲ್ಲ ತನ್ನ ಕೆಲಸದ ನಡುವೆಯೇ ಕೈ ಚಾಚಿ ಹಿಡಿದು ಜೋಡಿಸಿಕೊಟ್ಟಳು. "ನೀರು ನೋಡ್ಬ್ಯಾಡ ಬೇಟಿ, ಎಳೆ ನೋಡು," ಅಂದಳು.

ತುರ್ತುಪರಿಸ್ಥಿತಿ ಮುಗಿದು ಜೈಲಿಗೆ ಹೋಗಿದ್ದವರೆಲ್ಲ ಹೊರಗೆ ಬಂದಿದ್ದ ಕಾಲ ಅದು. ನಮ್ಮ ಕಡೆಯ ಊರುಗಳಲ್ಲೂ ಗೋಡೆ ಗೋಡೆಗೆ ಬರಹ, ಸಭೆ, ಭಾಷಣ. ಸಮಾಜವಾದಿಗಳು ಅನ್ನುವವರೇ ಎರಡು ಗುಂಪಾಗಿದ್ದರು. ಜೈಲಿಗೆ ಹೋಗುವಾಗ ಒಂದೇ ಸಂಘವಾಗಿದ್ದವರು ಬರುವಾಗ ಎರಡಾಗಿ ಬಂದರಂತೆ. ಎರಡಕ್ಕೂ ಕೆಂಪು ಬಾವುಟವೇ.

ಒಂದರ ಮುಖಂಡರು ಕನಕಪುರದ ವಕೀಲರು. ಬಿಳಿ ಜುಬ್ಬ, ಮೋಟಾರ್ ಸೈಕಲ್ಲು, ಮೃದು ಮಾತು. ರೈತರನ್ನೂ ಕಾರ್ಮಿಕರನ್ನೂ ಒಟ್ಟಿಗೆ ಕಟ್ಟಬೇಕು, ಕಾನೂನು ಇದೆ, ಓಟು ಇದೆ, ಅದರಿಂದಲೇ ಸಮಾಜವಾದ ಬರುತ್ತದೆ ಎನ್ನುತ್ತಿದ್ದರು. ಹಳ್ಳಿಗಳ ಹೊಲವಿದ್ದ ಮನೆಗಳ ಗಂಡಸರೆಲ್ಲ ಅವರ ಹಿಂದೆ ಇದ್ದರು. ನಮ್ಮ ಅಣ್ಣನೂ ಇದ್ದ. ಇನ್ನೊಂದು ಗುಂಪಿನವನು ಮಾಗಡಿಯ ಬಸ್ಸಿನಲ್ಲಿ ಬರುತ್ತಿದ್ದ ದಪ್ಪ ಕನ್ನಡಕದ ಯುವಕ. ಕಾಲೇಜು ಬಿಟ್ಟು ಹೋರಾಟಕ್ಕೆ ಬಂದವನು. ಹೊಲದೊಡೆಯನನ್ನೂ ಕೂಲಿಯವನನ್ನೂ ಒಂದೇ ಚಾಪೆಯಲ್ಲಿ ಕೂರಿಸಿದರೆ ಕೂಲಿಯವನು ನೆಲಕ್ಕೇ ಜಾರುತ್ತಾನೆ, ಮೊದಲು ದುಡಿಯುವವರದೇ ಬೇರೆ ಸಂಘ ಆಗಬೇಕು ಎನ್ನುವುದು ಅವನ ವಾದ. ರಾಮನಗರದ ರೇಷ್ಮೆ ಬೀದಿಗಳಲ್ಲಿ, ಚನ್ನಪಟ್ಟಣದ ಗೊಂಬೆ ಮಾಡುವವರಲ್ಲಿ ಅವನ ಕಡೆಯವರಿದ್ದರು.

ಇಬ್ಬರ ಕರಪತ್ರಗಳೂ ನಮ್ಮ ಕಾರ್ಖಾನೆಯ ಗೇಟಿಗೆ ಬಂದವು. ಆಪಾಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಹಿತ್ತಿಲಿನ ಹುಣಸೆಮರದ ಕೆಳಗೆ ಕೂತು ನನ್ನಿಂದ ಓದಿಸುತ್ತಿದ್ದಳು. ಅಲ್ಲೇ ಪಕ್ಕದಲ್ಲಿ ನೂಲು ತೆಗೆದು ಉಳಿದ ಹುಳುಗಳನ್ನು ರಾಶಿ ಹಾಕಿ ಒಣಗಿಸುತ್ತಿದ್ದರು, ಆ ನಾತದಲ್ಲೇ ನಮ್ಮ ಊಟ, ನಮ್ಮ ರಾಜಕೀಯ. ಅರ್ಥವಾಗದ ಮಾತು ಬಂದರೆ ನಿಲ್ಲಿಸುತ್ತಿದ್ದಳು. "ಶೋಷಣೆ ಅಂದ್ರೆ?" ನಾನು ತೊದಲಿ ಏನೋ ಹೇಳಿದರೆ, "ಹಂಗಾದ್ರೆ ಹಂಗೇ ಬರೀಬೋದಿತ್ತಲ್ಲ," ಅನ್ನುತ್ತಿದ್ದಳು.

ಒಂದು ಭಾನುವಾರ ವಕೀಲರು ರಾಮನಗರಕ್ಕೆ ಬಂದಾಗ ಅವರನ್ನು ಕಾಣಲು ನಾವಿಬ್ಬರೂ ಹೋದೆವು. ಚೆನ್ನಾಗಿ ಮಾತಾಡಿಸಿದರು, ಕೂರಿಸಿ ಕಾಫಿ ಕೊಡಿಸಿದರು. ಆಪಾ ಕೇಳಿದ್ದು ಒಂದೇ: "ಬೀಗ ತೆಗೆಸ್ತೀರಾ ಸಾಬ್?" ಅವರು ಕಾನೂನಿನ ಸೆಕ್ಷನ್ ಹೇಳಿದರು. ಅರ್ಜಿ ಕೊಡಬೇಕು, ಇನ್‌ಸ್ಪೆಕ್ಟರ್ ಬರಬೇಕು, ನೋಟೀಸು ಹೋಗಬೇಕು. "ಆಗುತ್ತೆ ತಾಯಿ, ಆದರೆ ಕಾಲ ಹಿಡಿಯುತ್ತೆ," ಅಂದರು.

ಮುಂದಿನ ಭಾನುವಾರ ಆಪಾ ರೈಲು ಹತ್ತಿ ಚನ್ನಪಟ್ಟಣಕ್ಕೆ ಬಂದಳು. ಮಾಗಡಿಯವನು ಅಲ್ಲಿ ಗೊಂಬೆ ಕಡೆಯುವ ಶೆಡ್ಡೊಂದರಲ್ಲಿ ತರಗತಿ ನಡೆಸುತ್ತಿದ್ದ. ಮರದ ಹೊಟ್ಟಿನ ಮೇಲೆ ಕೂತಿದ್ದ ಇಪ್ಪತ್ತು ಗಂಡಸರ ನಡುವೆ ನಾವಿಬ್ಬರೇ ಹೆಂಗಸರು. ಅವನ ಮಾತು ಕೇಳಿ ನನ್ನ ಮೈ ಬಿಸಿಯಾಗಿತ್ತು. ನಮ್ಮ ಮನೆಯ ಹೊಲಕ್ಕೆ ಬರುವ ಆಳುಗಳು, ಅವರಿಗೆ ಅಮ್ಮ ಬೇರೆ ಲೋಟದಲ್ಲಿ ಕೊಡುವ ನೀರು, ಅಣ್ಣನ ದನಿ... ಇದೆಲ್ಲವನ್ನೂ ಅವನು ನಮ್ಮ ಮನೆಗೆ ಬಂದು ನೋಡಿದವನಂತೆ ಹೇಳುತ್ತಿದ್ದ. ಮುಗಿದ ಮೇಲೆ ಆಪಾ ಅದನ್ನೇ ಕೇಳಿದಳು. ಅವನು ನಕ್ಕ. "ಬೀಗ ಸಣ್ಣ ವಿಷಯ ಅಕ್ಕಾ. ಇಡೀ ಕಾರ್ಖಾನೆಯೇ ನಿಮ್ಮದಾಗಬೇಕು."

ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಆಪಾ ಅಂದಳು: "ಒಬ್ಬರಿಗೆ ನಮ್ ಬೀಗ ದೂರ ಐತೆ. ಇನ್ನೊಬ್ಬರಿಗೆ ನಮ್ ಬೀಗ ಚಿಕ್ಕದು."

"ಹಾಗಾದರೆ ಎರಡೂ ಬೇಡವಾ?" ಅಂದೆ.

"ಸಂಘ ಇಲ್ದೆ ನಾವು ಬಡ್ದುಕೊಂಡ್ರೆ ವಾಚ್‌ಮನ್‌ಗೂ ಕೇಳ್ಸಲ್ಲ. ಯಾವುದಾದ್ರೂ ಸೈ. ಆದ್ರೆ ಎಲ್ಲಾ ಒಂದ್ರಾಗೇ ಇರ್ಬೇಕು."

ಕಷ್ಟ ಇದ್ದದ್ದು ಅಲ್ಲಿಯೇ. ಎರಡು ಕಡೆಯವರೂ ನಮ್ಮಲ್ಲಿ ಸದಸ್ಯತ್ವದ ಫಾರಂ ಹಂಚತೊಡಗಿದ್ದರು. ತಮ್ಮಲ್ಲಿ ಸಹಿ ಹಾಕಿದವರು ಅತ್ತ ಹಾಕುವಂತಿಲ್ಲ ಎಂದು ಇಬ್ಬರೂ ಕರಾರು ಮಾಡಿದ್ದರು. ಹಳ್ಳಿಯ ಹನ್ನೆರಡು ಜನ ತಮ್ಮ ಮನೆಯ ಗಂಡಸರ ಹಿಂದೆ ವಕೀಲರ ಕಡೆ, ಬೀದಿಯ ಒಂಬತ್ತು ಜನ ಮಾಗಡಿಯವನ ಕಡೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಒಂದೇ ಹಬೆಯಲ್ಲಿ ಬೇಯುತ್ತಿದ್ದವರು ಹಿಂದೂ ಸಂಘ, ಮುಸ್ಲಿಂ ಸಂಘ ಎಂದಾಗುವುದರಲ್ಲಿದ್ದೆವು. ಆಪಾಳಿಗೆ ಇದು ನನಗಿಂತ ಮೊದಲೇ ಕಂಡಿತ್ತು. ಒಂದು ದಿನ ಹುಣಸೆಮರದ ಕೆಳಗೆ ನನ್ನ ಕೈ ಹಿಡಿದುಕೊಂಡಳು. "ನೀನು ಓದ್ದೋಳು. ಎರಡೂ ಕಾಗ್ದ ಓದಿದೀಯ, ಎರಡೂ ಕಡೆ ಕೇಳಿದೀಯ. ಯೋಚ್ನೆ ಮಾಡಿ ಹೇಳು. ನೀನು ಹೇಳಿದ ಸಂಘಕ್ಕೇ ಬತ್ತೀನಿ. ನಮ್ಮೋರ್ನೂ ಕರ್ಕಂಡು ಬತ್ತೀನಿ."

ಹತ್ತೊಂಬತ್ತು ವರ್ಷದವಳಿಗೆ ಅಷ್ಟು ದೊಡ್ಡ ಮಾತು ಯಾಕೆ ಕೊಟ್ಟಳೋ...

ಹದಿನೈದು ದಿನ ತೊಳಲಾಡಿದೆ. ಮನಸ್ಸು ಮಾಗಡಿಯವನ ಕಡೆಗೇ ಇತ್ತು. ವಕೀಲರ ಮಾತಿನಲ್ಲಿ ತಪ್ಪಿರಲಿಲ್ಲ, ಆದರೆ ಅವರ ಸಭೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂತವರು ನಮ್ಮ ಅಣ್ಣನಂಥವರೇ. ನಮ್ಮ ಹೊಲದ ಆಳು ಅಲ್ಲಿಗೆ ಬಂದರೆ ಎಲ್ಲಿ ಕೂರುತ್ತಾನೆ ಎಂದು ನನಗೆ ಗೊತ್ತಿತ್ತು. ಹಳ್ಳಿಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಿದರೆ ಅವರೂ ಬರುತ್ತಾರೆಂಬ ಧೈರ್ಯ ನಿಧಾನವಾಗಿ ಕೂಡುತ್ತಿತ್ತು. ಅಷ್ಟರಲ್ಲಿ ಶೆಡ್ಡಿಗೆ ಹೋಗಿದ್ದ ಸುದ್ದಿ ಮೇಸ್ತ್ರಿಯ ಮೂಲಕ ಮನೆ ಮುಟ್ಟಿತು.

ಅಣ್ಣ ಕೂಗಾಡಲಿಲ್ಲ. ಊಟ ಮಾಡುತ್ತಾ ಹೇಳಿದ. "ಏನವ್ವ, ಮಾಗಡಿಯೋನ ಪಾರ್ಟಿ ಸೇರ್ತೀಯಂತೆ. ಸೇರು. ನಾಳೆಯಿಂದ ಕೆಲ್ಸ ಇರಾಕಿಲ್ಲ. ಕೆಲ್ಸ ಇಲ್ದೆ ಈ ಮನ್ಗೆ ಬರೋ ಹಂಗೂ ಇಲ್ಲ. ಅವ್ವನ್ ಕೇಳು ಬೇಕಾರೆ." ಅಮ್ಮ ತಟ್ಟೆಗೆ ಸಾರು ಬಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಅನ್ನ ಕಲೆಸಿಕೊಂಡು ಊಟ ಮುಗಿಸಿದೆ. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಕಾರ್ಖಾನೆಗೆ ಬೀಗ ಹಾಕಿಸುವವನೂ ನಮ್ಮ ನೆಂಟನೇ, ಮನೆಯ ಯಜಮಾನನೂ ನಮ್ಮವನೇ.

ಮಾರನೆಯ ದಿನ ಆಪಾಳಿಗೆ ಹೇಳಿದೆ: "ವಕೀಲರದೇ ಸರಿ. ಕಾನೂನು ಗಟ್ಟಿ. ನಿಧಾನ ಆದರೂ ಖಚಿತ." ಮಾತು ಬಾಯಿಪಾಠ ಮಾಡಿದಂತೆ ಬಂತು. ಅವಳು ನನ್ನ ಮುಖವನ್ನೇ ನೋಡಿದಳು. "ಯೋಚ್ನೆ ಮಾಡಿ ಹೇಳ್ತಿದೀಯಾ?"

"ಹೂಂ."

"ಆಯ್ತು," ಅಂದಳು.

ಅವಳ ಬೀದಿಯಲ್ಲಿ ಏನೇನು ಕೇಳಿಸಿಕೊಂಡಳೋ ನನಗೆ ಪೂರ್ತಿ ಗೊತ್ತಾಗಲಿಲ್ಲ. ಮಾಗಡಿಯವನ ಕಡೆಯ ಗಂಡಸರು ಮನೆ ಮುಂದೆ ಬಂದು ನಿಂತಿದ್ದರಂತೆ, ಸ್ವಂತ ಮೈದುನ ಮಾತು ಬಿಟ್ಟನಂತೆ. ಆದರೆ ಆ ವಾರವೇ ಒಂಬತ್ತು ಜನರ ಹೆಬ್ಬೆಟ್ಟೂ ವಕೀಲರ ಫಾರಂಗಳ ಮೇಲೆ ಬಿತ್ತು. ಹೆಸರು ತುಂಬಿದವಳು ನಾನೇ. ಗೋರಂಟಿ ಮೆತ್ತಿದ್ದ ಅವಳ ಹೆಬ್ಬೆರಳಿಗೆ ಶಾಯಿ ಸರಿಯಾಗಿ ಹತ್ತದೆ ಎರಡು ಸಲ ಒತ್ತಿಸಬೇಕಾಯಿತು.

ಅರ್ಜಿ ಬರೆದಾಯಿತು. ಅಷ್ಟರಲ್ಲಿ ತಾಲ್ಲೂಕು ಬೋರ್ಡಿನ ಚುನಾವಣೆ ಬಂತು. ವಕೀಲರು ಅಭ್ಯರ್ಥಿ. ಅವರು ಓಡಾಡುತ್ತಿದ್ದ ಜೀಪು ನಮ್ಮ ಕಾರ್ಖಾನೆಯ ಮಾಲೀಕರದು. ಕೇಳಲು ಹೋದಾಗ ಹಿಂದಿನಷ್ಟೇ ಮೃದುವಾಗಿ, "ಚುನಾವಣೆ ಮುಗಿಯಲಿ ತಾಯಿ, ಈಗ ಬೇಡ," ಅಂದರು. ಅರ್ಜಿ ಅವರ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಅದಾಗಿ ಹತ್ತು ದಿನಕ್ಕಿರಬೇಕು. ಹನ್ನೊಂದು ಗಂಟೆಯ ಹೊತ್ತು. ಗೋಡೆಯುದ್ದಕ್ಕೂ ಬರುತ್ತಿದ್ದ ಹಬೆಯ ಪೈಪು ಒಂದು ಕಡೆ ಬಿಟ್ಟುಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ, ಸೀಟಿ ಊದಿದಂತೆ ಶುರುವಾಗಿ ನೋಡನೋಡುತ್ತಿದ್ದಂತೆ ಎಲ್ಲವೂ ಬೆಳ್ಳಗಾಯಿತು. ಬಿಡದಿ ಕಡೆಯಿಂದ ಬರುತ್ತಿದ್ದ ಆರು ತಿಂಗಳ ಬಸುರಿಯೊಬ್ಬಳು ನನ್ನ ಕಾಲ ಬಳಿ ಕುಸಿದಳು. ಎಲ್ಲರೂ ಬಾಗಿಲಿಗೆ ನುಗ್ಗಿ ಬಡಿದರು. ವಾಚ್‌ಮನ್ ಎಲ್ಲೋ ಹೋಗಿದ್ದ. ಬೀಗದ ಕೈ ಅವನ ಸೊಂಟದಲ್ಲಿತ್ತು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಇಲ್ಲೇ ಸಾಯುತ್ತೇವೆ ಎಂದುಕೊಂಡದ್ದು ನೆನಪಿದೆ, ಅದಕ್ಕಿಂತ ಹೆಚ್ಚಾಗಿ ನೆನಪಿರುವುದು ಆ ಯೋಚನೆ ಬಂದಾಗ ಆಶ್ಚರ್ಯವೇ ಆಗಲಿಲ್ಲ ಎನ್ನುವುದು.

ಆಮೇಲೆ ಕೇಳಿಸಿದ್ದು ಮರ ಸೀಳುವ ಸದ್ದು. ವಾಲ್ವು ತಿರುಗಿಸುವ ಕಬ್ಬಿಣದ ಹಿಡಿಯಿಂದ ಆಪಾ ಕಿಟಕಿಯ ಹಲಗೆ ಒಡೆಯುತ್ತಿದ್ದಳು. ಮೊದಲು ಬಸುರಿಯನ್ನು ಎತ್ತಿ ದಾಟಿಸಿದೆವು. ಒಬ್ಬೊಬ್ಬರಾಗಿ ಆಚೆ ಬಿದ್ದದ್ದು ಸತ್ತ ಹುಳುಗಳ ರಾಶಿಯ ಮೇಲೆ. ಕೊನೆಗೆ ಬಂದವಳು ಆಪಾ. ಮೊಳೆ ತಾಗಿ ಅವಳ ಕೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹರಿದಿತ್ತು. ಯಾರೂ ಸಾಯಲಿಲ್ಲ.

ಮರುದಿನ ಗೇಟಿನಲ್ಲಿ ಮೇಸ್ತ್ರಿ ನಿಂತಿದ್ದ. ಇಪ್ಪತ್ತು ಜನ ಒಳಗೆ ಬರಬಹುದು, ಅವಳು ಬರುವಂತಿಲ್ಲ. ಕಿಟಕಿ ಮುರಿದದ್ದು ರೇಷ್ಮೆ ಸಾಗಿಸುವುದಕ್ಕೆ ಎಂದ. ನಾವು ಯಾರೂ ಒಳಗೆ ಹೋಗಲಿಲ್ಲ. ಯಾರು ಮೊದಲು ನೆಲದ ಮೇಲೆ ಕೂತರೋ ಜ್ಞಾಪಕವಿಲ್ಲ, ಎಲ್ಲರೂ ಕೂತೆವು. ಬಾವುಟ ಇರಲಿಲ್ಲ. ವಕೀಲರಿಗೆ ಹೇಳಿಕಳಿಸಿದರೆ ಪ್ರಚಾರಕ್ಕೆ ಹಾರೋಹಳ್ಳಿ ಕಡೆ ಹೋಗಿದ್ದಾರೆ ಎಂಬ ಉತ್ತರ ಬಂತು. ಮಾಗಡಿಯವನು ಓಡಿಬಂದ. ಅವನಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಅವನ ಸಂಘದವರು, ವಕೀಲರ ಫಾರಂ ವಾಪಸು ಪಡೆದು ನಮ್ಮದಕ್ಕೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ನಮ್ಮ ಹೋರಾಟ ಎಂದು ಪಟ್ಟು ಹಿಡಿದರು. ಆಪಾ ಒಪ್ಪಲಿಲ್ಲ. "ಮತ್ತೆ ಒಂಬತ್ತು ಹನ್ನೆರಡು ಮಾಡಕ್ಕಾ?" ಅಂದಳು. ಅವರು ಅವಳನ್ನು ಕೇಳದೆಯೇ ಅವಳ ಪೂರ್ತಿ ಹೆಸರು ಹಾಕಿ, ಬೀದಿಯ ಹೆಸರನ್ನೂ ಹಾಕಿ, ವೀರವನಿತೆ ಎಂದು ಕರಪತ್ರ ಹೊಡೆಸಿ ಊರೆಲ್ಲ ಹಂಚಿದರು. ಆ ಹೆಸರನ್ನು ರಾಮನಗರದ ಪ್ರತಿ ಕಾರ್ಖಾನೆಯ ಮಾಲೀಕನೂ ಓದಿದ. ಕರಪತ್ರವನ್ನು ಅವಳಿಗೆ ಓದಿ ಹೇಳಿದವಳು ನಾನು. "ಇನ್ಮೇಲೆ ನನ್ ಹೆಸ್ರು ಯಾವ ಕಾಗ್ದದಾಗೂ ಬರೀಬ್ಯಾಡ್ರಿ," ಅಂದಳು. ಅದಕ್ಕೇ ನಾನು ಇಲ್ಲಿಯೂ ಬರೆದಿಲ್ಲ.

ನಾಲ್ಕನೆಯ ದಿನ ಒಳಗಿನಿಂದ ಕರೆ ಬಂತು, ಓದಲು ಬರುವ ಒಬ್ಬಳು ಬರಲಿ ಎಂದು. ಹೋದೆ. ಒಪ್ಪಂದದ ಕಾಗದ ಮೇಜಿನ ಮೇಲಿತ್ತು. ಬೀಗ ಇನ್ನು ಹಾಕುವುದಿಲ್ಲ, ಎರಡು ಕಿಟಕಿ ತೆರೆದಿರುತ್ತವೆ, ಕೈಗೆ ಮುಲಾಮು ಕೊಡುತ್ತಾರೆ. ಆಪಾಳ ವಿಷಯವೇ ಅದರಲ್ಲಿರಲಿಲ್ಲ. ಕೇಳಿದೆ. ಮೇಸ್ತ್ರಿ ಪಕ್ಕದಲ್ಲೇ ನಿಂತು, "ನಿಮ್ಮಣ್ಣಂಗೆ ಹೇಳ್ಲಾ?" ಅಂದ. ಅಷ್ಟೇ. ಸಹಿ ಹಾಕಿದೆ.

ಹೊರಗೆ ಬಂದು ನಿಂತುಕೊಂಡೇ ಜೋರಾಗಿ ಓದಿದೆ. ಬೀಗ ಅಂದಾಗ ಒಬ್ಬಳು ಅತ್ತಳು. ಆಪಾ ಕೈಗೆ ಬಟ್ಟೆ ಸುತ್ತಿಕೊಂಡು ಹಿಂದೆ ಕೂತಿದ್ದಳು. ಓದಿ ಮುಗಿದ ಮೇಲೂ ಇನ್ನೂ ಇದೆಯೇನೋ ಎಂಬಂತೆ ನೋಡುತ್ತಿದ್ದಳು.

"ಪೂರ್ತಿ ಓದಿದ್ಯಾ?"

"ಓದಿದೆ."

"ಹಂಗಾದ್ರೆ ಒಳಗೆ ಹೋಗಿ. ಬಾಗ್ಲು ತೆಗ್ದೈತೆ."

ನಾವು ಒಳಗೆ ಹೋದೆವು. ಇಪ್ಪತ್ತು ಜನವೂ ಹೋದೆವು. ಅವಳು ಆ ತಿಂಗಳೇ ಕನಕಪುರಕ್ಕೆ ಮಗನ ಮನೆಗೆ ಹೊರಟುಹೋದಳು. ಮರುವರ್ಷ ನನ್ನ ಮದುವೆಯಾಯಿತು, ಕೆಲಸ ಬಿಡಿಸಿದರು. ಸಂಘದ ಸದಸ್ಯತ್ವ ಯಾವಾಗ ಮುಗಿಯಿತೋ ನೋಡಲಿಲ್ಲ.

ಅವಳನ್ನು ಮತ್ತೆ ಕಂಡದ್ದು ಒಂಬತ್ತು ವರ್ಷದ ಮೇಲೆ. ಕನಕಪುರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದವಳು ಕೇಳಿಕೊಂಡು ಅವಳ ಮನೆ ಹುಡುಕಿದೆ. ಹಜಾರದಲ್ಲಿ ಚರಕದ ಮುಂದೆ ಕೂತು ನೂಲು ತೆಗೆಯುತ್ತಿದ್ದಳು. ಕೂದಲೆಲ್ಲ ನೆರೆತಿತ್ತು. ತಕ್ಷಣ ಗುರುತು ಹಿಡಿದಳು. ಚಾ ಕುಡಿದ ಮೇಲೆ ಧೈರ್ಯ ಮಾಡಿದೆ. "ಆಪಾ, ಅವತ್ತು ನಾನು ಯೋಚನೆ ಮಾಡಿ ಹೇಳಿದ್ದಲ್ಲ. ಅಣ್ಣ..."

"ಗೊತ್ತಿತ್ತು ಬೇಟಿ."

"ಗೊತ್ತಿದ್ದೂ ಯಾಕೆ ಬಂದೆ?"

"ಮಾತು ಕೊಟ್ಟಿದ್ದೆ. ಮತ್ತೆ, ಎಲ್ಲಾ ಒಂದ್ರಾಗೇ ಇದ್ವಲ್ಲ. ಅದಿಕ್ಕೇ ಕಿಟಕಿ ಒಡ್ದಾಗ ಇಪ್ಪತ್ತು ಜನ ಗೇಟಿನಾಗೆ ಕೂತ್ರು." ಎಳೆ ಕಡಿದಿತ್ತು, ನಿಲ್ಲಿಸಿ ಜೋಡಿಸಿದಳು. ಆಮೇಲೆ ತಾನೇ ಹೇಳಿದಳು. ಅವಳೀಗ ಮನೆಯಲ್ಲಿ ನೂಲು ತೆಗೆಯುವ ಹೆಂಗಸರ ಸಂಘವೊಂದರಲ್ಲಿದ್ದಳು. ಅದೂ ಸಮಾಜವಾದಿಗಳದೇ, ಮೂರನೆಯದೊಂದು ಗುಂಪು. ಅದನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದೆ.

"ಮಧ್ಯಾಹ್ನ ಮೂರಕ್ಕೆ ಮೀಟಿಂಗ್ ಮಾಡ್ತಾರೆ. ಇದೇ ಬೀದಿಯಾಗೆ. ನಾವೂ ಹೋಗ್ಬೋದು." ನಕ್ಕಳು. ನಂತರ ಕೇಳಿದಳು: "ನೀನೀಗ ಯಾವ್ದರಾಗಿದೀಯಾ?"

ನಾನು ಯಾವುದರಲ್ಲೂ ಇರಲಿಲ್ಲ. ಹಾಗೆಂದೆ.

ಸುಳ್ಳು ಹೇಳಿದ್ದನ್ನೂ, ಅವಳನ್ನು ಹೊರಗೆ ಬಿಟ್ಟು ಸಹಿ ಹಾಕಿದ್ದನ್ನೂ ಅಷ್ಟು ಸಲೀಸಾಗಿ ದಾಟಿಬಿಟ್ಟಿದ್ದವಳು ಇದೊಂದು ಮಾತಿಗೆ ಮುಖ ಆ ಕಡೆ ತಿರುಗಿಸಿ ಚರಕ ತಿರುಗಿಸತೊಡಗಿದಳು. ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಅವಳು ತೀರಿಕೊಂಡ ಸುದ್ದಿ ನನಗೆ ತಲುಪುವಾಗ ವರ್ಷವೇ ಕಳೆದಿತ್ತು. ವಕೀಲರು ಪಕ್ಷದ ಮೇಲೆ ಪಕ್ಷ ಬದಲಿಸಿ ಕೊನೆಗೆ ಮನೆ ಸೇರಿದರು. ಮಾಗಡಿಯವನ ಸಂಘ ಇನ್ನೂ ಎರಡು ಸಲ ಒಡೆಯಿತಂತೆ. ಅಮ್ಮ ಹೋದಳು, ಹೋದ ವರ್ಷ ಅಣ್ಣನೂ ಹೋದ. ನನ್ನ ಯಜಮಾನರು ಇಂಥದ್ದಕ್ಕೆಲ್ಲ ಹೂಂ ಅಂದವರೂ ಅಲ್ಲ, ಉಹೂಂ ಅಂದವರೂ ಅಲ್ಲ, ಅವರೂ ಈಗಿಲ್ಲ.

ನನಗೆ ಅರವತ್ತೇಳು. ಈ ಸಂಘಕ್ಕೆ ಸಹಿ ಹಾಕಬೇಡ ಎಂದು ತಡೆಯುವವರು ಈಗ ಯಾರೂ ಉಳಿದಿಲ್ಲ. ಯಾವುದರಲ್ಲಿದ್ದೀಯಾ ಎಂದು ಕೇಳುವವಳೂ ಇಲ್ಲ.